ಬಸ್ತ್ಯಾಂವ ಮೇಸ್ತ್ರಿಯ ಸೈತಾನ

ಮಧುಕೇಶ್ವರ ಸೈತಾನನಿಗೆ ಪೂಜೆ ಮಾಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ನೌಕರಿ ಖಾಯಂ ಆಗಲಿ ಎಂದು. ಒಂದು ದಾಸವಾಳ, ಎರಡು ಊದಿನಕಡ್ಡಿ, ಎಲೆಯ ಮೇಲೆ ಬೆಲ್ಲದ ಚೂರು. ಅವನ ಪರವಾಗಿ ಹೇಳುವುದಾದರೆ, ಎದುರಿಗಿರುವುದು ಸೈತಾನನೆಂದು ಅವನಿಗೆ ತಿಳಿದಿರಲಿಲ್ಲ. ಪರವಾಗಿ ಬೇರೇನೂ ಹೇಳುವಂತಿಲ್ಲ. ಕೊಂಬುಗಳೆರಡೂ ಚೆನ್ನಾಗಿಯೇ ಕಾಣುತ್ತಿದ್ದವು.

ಅದು ೧೯೫೮ರ ಆಗಸ್ಟ್. ಬೊಂಬಾಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಬನವಾಸಿ ಕಡೆಯ ಮಧುಕೇಶ್ವರನಿಗೆ ಇಪ್ಪತ್ತೆರಡು ವರ್ಷ. ಮೆಟ್ರಿಕ್ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಇಂಗ್ಲಿಷಿನಲ್ಲಿ ಬಿದ್ದು, ಮೂರನೆಯ ಸಲ ಬೀಳುವಷ್ಟು ಧೈರ್ಯ ಸಾಲದೆ ಶಿರಸಿಯಲ್ಲಿ ಹಂಗಾಮಿ ಟಪಾಲಿನವನಾಗಿದ್ದ. ನಾಯಿಗೆ ಹೆದರುವ ಟಪಾಲಿನವನೆಂದು ಮೂರೇ ತಿಂಗಳಲ್ಲಿ ಹೆಸರೂ ಗಳಿಸಿದ್ದ. ಇದನ್ನು ಬರೆಯುತ್ತಿರುವವನ ಖಾಕಿ ಅಂಗಿಯೂ ಅವನ ಖಾಕಿ ಅಂಗಿಯೂ ಒಂದೇ ಅಳತೆ. ಹೆಚ್ಚು ವಿಚಾರಿಸುವುದು ಬೇಡ.

ಅವನು ಇದ್ದದ್ದು ಯಲ್ಲಾಪುರ ನಾಕೆಯ ಹತ್ತಿರ, ಬಸ್ತ್ಯಾಂವ ಮೇಸ್ತ್ರಿಯ ಬಡಗಿಸಾಲೆಯ ಹಿಂದಿನ ಕೋಣೆಯಲ್ಲಿ. ಕೋಣೆಗೆ ಹೋಗಲು ಸಾಲೆಯನ್ನು ದಾಟಿಯೇ ಹೋಗಬೇಕು. ಹಾಗಾಗಿ ಮೇಸ್ತ್ರಿ ಕ್ರಿಸ್ತಾಂವನೆಂದೂ, ಇಗರ್ಜಿಗಾಗಿ, ಎಂದರೆ ಅವರ ಚರ್ಚಿಗಾಗಿ, ಎರಡು ಮರದ ಮೂರ್ತಿಗಳ ಕೆಲಸ ಹಿಡಿದಿದ್ದಾನೆಂದೂ ಮೊದಲ ವಾರದಲ್ಲೇ ಗೊತ್ತಾಗಿತ್ತು. ಒಂದು ಮೂರ್ತಿ ಮೂಲೆಯಲ್ಲಿ ಗೋಣಿ ಹೊದ್ದು ಗೋಡೆಗೆ ಒರಗಿತ್ತು. ಇನ್ನೊಂದು ಮೇಜಿನ ಮೇಲೆ ಅಂಗಾತ ಮಲಗಿತ್ತು. ಮೇಸ್ತ್ರಿ ದಿನವಿಡೀ ಇದರ ಸೇವೆಯಲ್ಲೇ ಇರುತ್ತಿದ್ದ. ಎಣ್ಣೆ ತಿಕ್ಕುವುದು, ಬಾಯಿಂದ ಊದಿ ಪುಡಿ ಹಾರಿಸುವುದು, “ಸ್ವಲ್ಪ ಬಗ್ಗು ಮಾರಾಯ” ಎಂದು ಮಾತಾಡಿಸುವುದು. ಗೋಣಿಯವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮಧುಕೇಶ್ವರ ತರ್ಕ ಹೂಡಿದ. ಅವನ ಊರಿನಲ್ಲಿ ಸೌಮ್ಯ ದೇವರು ಎರಡು ದಿನ ಕಾದರೂ ನಡೆದೀತು. ಕೊಂಬು-ಕೋರೆ ಇರುವ ದೇವರಿಗೆ ಮೊದಲ ಕಾಯಿ ಒಡೆಯದಿದ್ದರೆ ಊರು ಉಳಿಯುವುದಿಲ್ಲ. ಇವರಲ್ಲೂ ಹಾಗೆಯೇ ಇರಬೇಕು ಎಂದುಕೊಂಡ. ಕ್ರಿಸ್ತಾಂವರ ದೇವರಿಗೆ ತನ್ನ ಅರ್ಜಿ ಇನ್ನೂ ಹೋಗಿಲ್ಲವಲ್ಲ ಎಂದು ಹೊಳೆದದ್ದೂ ಆಗಲೇ. ಮೇಸ್ತ್ರಿ ಇಲ್ಲದ ಹೊತ್ತು ನೋಡಿ ಹೂ ಏರಿಸಿದ.

“ಎಂತ ಮಾಡ್ತಾ ಇದ್ದೆ ತಮ್ಮಾ?”

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ.

“ಪೂಜಾ ಮಾಡಾಕತ್ತೇನ್ರಿ. ನಿಮ್ಮ ದೇವರಿಗೆ.”

“ನಮ್ಮ ದೇವ್ರಿಗೆ.” ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಮೂಲೆಯತ್ತ ತೋರಿಸಿದ. “ಆ ಗೋಣಿ ತೆಗಿ.”

ತೆಗೆದರೆ ಒಳಗೆ ರೆಕ್ಕೆ, ಕತ್ತಿ, ಶಾಂತ ಮುಖ.

“ಅವ ಸಾಂ ಮಿಗೆಲ್. ದೇವದೂತ್ರ ದಂಡಿನ ಮುಖಂಡ. ಅವನ ಕಾಲಡಿ ಹಾಕೂಕೆ ಇವನನ್ನ ಮಾಡ್ತಾ ಇದ್ದದ್ದು. ಹಳೇದನ್ನ ಒರಲೆ ತಿಂದು ಹೋಯ್ತು. ನೀ ಹೂ ಏರಿಸಿದ್ದು ಸೈತಾನಂಗೆ.”

ಮಧುಕೇಶ್ವರನ ಕೈಯಲ್ಲಿ ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. “ಈಗೇನ್ ಮಾಡ್ಲಿರಿ?”

“ಬೆಲ್ಲ ತಿನ್ನು. ಇರುವೆ ಬರ್ತದೆ.”

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒಂಬತ್ತನೆಯ ದಿನ ನೌಕರಿ ಖಾಯಂ ಆದ ಹುಕುಂ ಬಂತು. ಮಧುಕೇಶ್ವರ ಹುಕುಮನ್ನು ಹಿಡಿದುಕೊಂಡು, ಸೈತಾನ ಈಗ ಹರಕೆ ಕೇಳಲು ಬರುತ್ತಾನೆಂಬ ಮೋರೆ ಹೊತ್ತು ಸಾಲೆಗೆ ಬಂದ.

“ಹಳೇ ಪೋಸ್ಟಮನ್ ತಿಮ್ಮ ಪೆನ್ಶನ್ ತಗಂಡ, ನಿನ್ನ ಅವನ ಜಾಗಕ್ಕೆ ಹಾಕಿದ್ರು,” ಅಂದ ಮೇಸ್ತ್ರಿ. “ಅದ್ರಲ್ಲಿ ಇವಂದು ಎಂತದೂ ಇಲ್ಲ. ತಾನು ಮಾಡದ ಕೆಲ್ಸಕ್ಕೂ ಹೆಸರು ತಗಳ್ಳೂದ್ರಲ್ಲಿ ಇವನು ಎತ್ತಿದ ಕೈ.”

“ಆದ್ರೂ ಒಂದ್ ಕಾಯಿ ಒಡದ್ ಬಿಡ್ಲೇನ್ರಿ? ಸುಮ್ಮನಾಗ್ತಾನು.”

“ಇವ ಹಾಂಗೆ ಸುಮ್ನಾಗುವವ ಅಲ್ಲ. ಇವಂಗೆ ಚಾ ಕೊಟ್ರೆ ಊಟ ಕೇಳ್ತಾನೆ. ಊಟ ಕೊಟ್ರೆ ಚಾಪೆ ಕೇಳ್ತಾನೆ. ಚಾಪೆ ಕೊಟ್ಟೆಯೋ, ಮನೆ ಅವಂದು, ನೀ ಹೊರಗೆ.”

“ದೇವರಷ್ಟ ಶಕ್ತಿ ಅದ ಏನ್ರಿ ಅವಂಗ?”

“ಎಂತ ಶಕ್ತಿ! ಅವನನ್ನೂ ದೇವ್ರೇ ಹುಟ್ಟಿಸಿದ್ದು. ಒಳ್ಳೇ ದೂತನೇ ಆಗಿದ್ದ, ಎಲ್ಲರಿಗಿಂತ ಚಂದ. ‘ನಾ ಎಂತಕ್ಕೆ ಬಗ್ಗಬೇಕು’ ಅಂದ, ಬಿದ್ದ. ಬಿದ್ದವಂಗೆ ಒಬ್ಬನೇ ಬಿದ್ದಿರೂಕೆ ಮನಸ್ಸಿಲ್ಲ, ಅದೇ ತಾಪತ್ರೆ.”

“ಅಷ್ಟ್ ಚಂದ ಇದ್ದವಂಗ ಕೊಂಬ್ ಯಾಕ ಹಚ್ಚೀರಿ?”

“ಕೊಂಬಿಲ್ದಿದ್ರೆ ಮೇಲಿದ್ದವ ಯಾರು, ಕೆಳಗಿದ್ದವ ಯಾರು ಅಂತ ಟಪಾಲಿನವ್ರಿಗೆ ಗೊತ್ತಾಗೂದಿಲ್ಲ.”

ಬಸ್ತ್ಯಾಂವ ಮೇಸ್ತ್ರಿಗೆ ಆಗ ನಲವತ್ತೆಂಟು ದಾಟಿತ್ತು. ಅಪ್ಪ ಕಾರವಾರದ ಕಡೆಯಿಂದ ಗರಗಸ ಹೊತ್ತು ಘಟ್ಟ ಹತ್ತಿದವನು. ಮಗ ಅದೇ ಗರಗಸಕ್ಕೆ ಹಿಡಿ ಬದಲಿಸಿಕೊಂಡು ಬದುಕಿದ. ಬಾಗಿಲು, ಕಿಟಕಿ, ಗಾಡಿಯ ನೊಗ, ಶಾಲೆಯ ಬೆಂಚು, ಸತ್ತವರ ಪೆಟ್ಟಿಗೆ, ಹೇಳಿದ್ದೆಲ್ಲ ಮಾಡುತ್ತಿದ್ದ. ಪೆಟ್ಟಿಗೆಗೆ ಅವನು ಅಳತೆಪಟ್ಟಿ ಹಿಡಿಯುತ್ತಿರಲಿಲ್ಲ, ಕಣ್ಣಳತೆಯೇ ಸಾಕು. ಹೀಗಾಗಿ ಅವನು ಯಾರನ್ನಾದರೂ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದನೆಂದರೆ ನಾಕೆಯ ಮುದುಕರು ಬಂದ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, “ಬೇರೆಯವ್ರ ಮನೆ ಬಾಗ್ಲು ಕೂಡ್ಸೂದ್ರಲ್ಲೇ ಹೊತ್ತು ಹೋಯ್ತು” ಅನ್ನುತ್ತಿದ್ದ. ಸುಳ್ಳು ಹೇಳಲು ಬರುತ್ತಿರಲಿಲ್ಲ; ಹಾಗೆಂದು ಅದನ್ನು ದೊಡ್ಡ ಗುಣವೆಂದು ಯಾರೂ ಎಣಿಸಿರಲಿಲ್ಲ, ಗಿರಾಕಿಗಳಂತೂ ಇಲ್ಲವೇ ಇಲ್ಲ.

ಅವನಿಗೆ ಬಾರದ ಇನ್ನೊಂದು ವಿದ್ಯೆಯೆಂದರೆ ಮನಸ್ಸಿನಿಂದ ಮೋರೆ ಕೆತ್ತುವುದು. ಬದುಕಿರುವ ಒಂದು ಮೋರೆ ಕಣ್ಣೆದುರು ಇದ್ದರೆ ಮಾತ್ರ ಉಳಿ ಓಡುತ್ತಿತ್ತು. “ಇಲ್ಲದ ಮೋರೆ ಹುಟ್ಟಿಸೂದು ದೇವ್ರ ಕೆಲ್ಸ. ನಂದು ನಕಲು.” ನಾತಾಳಕ್ಕೆ, ಎಂದರೆ ಕ್ರಿಸ್ಮಸ್ಸಿಗೆ, ಇಗರ್ಜಿಯಲ್ಲಿ ಕಟ್ಟುವ ಯೇಸು ಹುಟ್ಟಿದ ಗೋದಲಿಗೆ ಅವನು ಮಾಡಿದ ಗೊಂಬೆಗಳನ್ನು ಊರೆಲ್ಲ ಗುರುತಿಸುತ್ತಿತ್ತು. ಜೋಸೆಫನೆಂದರೆ ಕಿರಾಣಿ ಅಂಗಡಿಯ ಮಂಜಪ್ಪ. ಮೂವರು ಅರಸರಲ್ಲಿ ಕಪ್ಪು ಗಡ್ಡದವನು ಶಾಲೆಯ ಸಿಪಾಯಿ ಸಂಗಯ್ಯ. ರೆಕ್ಕೆಯ ಹುಡುಗಿ ಮಾಸ್ತರರ ಮಗಳು ವೇದಾ. ಎತ್ತು ಕೂಡ ಕೆರಿಯನ ಎತ್ತೇ, ಮುರಿದ ಕೊಂಬಿನ ಸಮೇತ. ಡಿಸೆಂಬರು ಬಂತೆಂದರೆ ಇಗರ್ಜಿಗೆ ಸಂಬಂಧವಿಲ್ಲದವರೂ “ಈ ವರ್ಷ ಯಾರು ಬಿದ್ರು?” ಎಂದು ನೋಡಿ ಬರಲು ಹೋಗುತ್ತಿದ್ದರು. ಮಂಜಪ್ಪ ತನ್ನ ನೆಂಟರನ್ನೇ ಕರೆದೊಯ್ದು ಜೋಸೆಫನನ್ನು ತೋರಿಸಿದ್ದುಂಟು.

ಆದರೆ ಸೈತಾನನಾಗಿ ಯಾರು ಬೀಳಬೇಕು?

“ಮೋರೆ ಯಾರದ್ರಿ?” ಎಂದು ಮಧುಕೇಶ್ವರ ಕೇಳಿದಾಗ ಮೇಸ್ತ್ರಿ “ನೋಡುವಾ” ಎಂದಷ್ಟೇ ಹೇಳಿದ. ಮೈ, ಕೊಂಬು, ಬಾಲ ಎಲ್ಲ ಮುಗಿದರೂ ಮುಖ ಮಾತ್ರ ಬರೀ ಮರದ ತುಂಡಾಗಿ ಉಳಿದಿತ್ತು.

ಸಪ್ಟೆಂಬರಿನಲ್ಲಿ ಮಧುಕೇಶ್ವರ ಒಂದು ಸಂಗತಿ ಗಮನಿಸಿದ. ಮಂಗಳವಾರ ಮಾಗೋಡಿನ ಕಡೆಯಿಂದ ಮರ ಹೇರಿದ ಗಾಡಿಗಳು ನಾಕೆ ದಾಟುವ ಹೊತ್ತಿಗೆ ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಟ್ಟು ಜಗಲಿಗೆ ಬಂದು ಕೂರುತ್ತಿದ್ದ. ಮೂರನೆಯ ಗಾಡಿ ಹೋದ ಮೇಲೆ ಒಳಗೆ ಬಂದು ಉಳಿ ಹಿಡಿಯುತ್ತಿದ್ದ. ಮಾತಿಲ್ಲ, ಕತೆಯಿಲ್ಲ, ಒಂದು ತಾಸು ಕೊಡತಿಯ ಸದ್ದು ಮಾತ್ರ. ಮರದ ತುಂಡಿನಿಂದ ಒಂದು ಮೋರೆ ಹೊರಗೆ ಬರತೊಡಗಿತ್ತು. ಯಾವಾಗಲೂ ಏನೋ ಕೇಳುತ್ತಿರುವಂತೆ ಮೇಲೆದ್ದ ಎಡಹುಬ್ಬು, ಹರಿದ ಕಿವಿ, ನಗುವುದೋ ಬೇಡವೋ ಎಂಬಂಥ ತುಟಿ.

ಮುಂದಿನ ಮಂಗಳವಾರ ಮಧುಕೇಶ್ವರನೂ ಜಗಲಿಯಲ್ಲಿ ನಿಂತ. ಮೂರನೆಯ ಗಾಡಿಯವನ ಎಡಹುಬ್ಬು ಮೇಲೆದ್ದಿತ್ತು. ಕಿವಿ ಹರಿದಿತ್ತು.

“ಮೇಸ್ತ್ರಿ, ಅವನ ಮೋರೀನ ಇದು!”

“ಹೌದು. ಮತ್ತೆ?”

ಆ ‘ಮತ್ತೆ’ಯ ಮುಂದೆ ಕೇಳುವ ಧೈರ್ಯ ಸಾಲದೆ, ಪಕ್ಕದಲ್ಲಿ ಬಾಳೆಎಲೆ ಮಾರುವ ಹೊನ್ನಿಯ ಹತ್ತಿರ ಹೋಗಿ ಕೇಳಿದ. ನಾಕೆಯ ಸಂಗತಿಗಳೆಲ್ಲ ಅವಳಲ್ಲಿ ಜಮಾ ಇರುತ್ತಿದ್ದವು.

“ಅವನಾ? ಇನಾಸ. ಮೇಸ್ತ್ರಿಯ ಬಾವ, ತಂಗಿ ಮೋನಿಯ ಗಂಡ,” ಅಂದಳು ಹೊನ್ನಿ. “ಐದು ವರ್ಷದ ಹಿಂದಿನ ಮಾತು. ಮೇಸ್ತ್ರಿ ಸಾಲೆ ಹಿಂದೆ ಒಂದು ಬೀಟೆ ತುಂಡು ಹುಗಿದಿಟ್ಟಿದ್ದ, ಪಾಸಿಲ್ಲದ್ದು. ಫಾರೆಸ್ಟ್ ಗಾರ್ಡು ಇನಾಸನ ಗಾಡಿ ತಡೆದು ‘ಬೀಟೆ ಎಲ್ಲುಂಟು, ನಿಂಗೆ ಗೊತ್ತುಂಟಾ’ ಕೇಳಿದ. ಇವ ಗೊತ್ತುಂಟು ಅಂದ. ಮೇಸ್ತ್ರಿಯ ಹನ್ನೊಂದು ದಿವ್ಸ ಒಳಗೆ ಹಾಕಿದ್ರು. ಆ ಹನ್ನೊಂದು ದಿವ್ಸದಲ್ಲೇ ಅವ್ರಮ್ಮ ಹೋಯ್ತು. ಊರಿಗೆಲ್ಲ ಪೆಟ್ಟಿಗೆ ಮಾಡಿದವ ತನ್ನಮ್ಮನ ಪೆಟ್ಟಿಗೆ ಮಾಡ್ಲಿಲ್ಲ, ಒಂದು ಹಿಡಿ ಮಣ್ಣು ಹಾಕ್ಲಿಲ್ಲ. ಅಂದಿನಿಂದ ತಂಗಿ ಮನೆ ಮೆಟ್ಲು ಹತ್ತಿದ್ದಿಲ್ಲ.”

“ಹಂಗಾರ ಇನಾಸ ಸುಳ್ಳು ಹೇಳಿರಲಿಲ್ಲ.”

“ಅದೇ ಅಲ್ದನಾ ತಮ್ಮಾ? ಸುಳ್ಳು ಹೇಳಿದ್ರೆ ಮೇಸ್ತ್ರಿ ಯಾವಾಗ್ಲೋ ಮರೀತಿದ್ದ.”

ಸಾಂ ಮಿಗೆಲಿನ ಹಬ್ಬ ಸಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ. ಹಿಂದಿನ ದಿನವೇ ಮೂರ್ತಿಯನ್ನು ಇಗರ್ಜಿಯ ಗೂಡಿನಲ್ಲಿ ಕೂರಿಸಿದರು. ಪಾದ್ರಿಗಳು ಮಂಗಳೂರಿನಿಂದ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅವರ ಕಣ್ಣಿಗೆ ಅದು ಸೈತಾನನಾಗಿಯೇ ಕಂಡಿತು, ಬಹಳ ಮೆಚ್ಚಿದರು. ಹಬ್ಬದ ಬೆಳಿಗ್ಗೆ ಜನ ಒಳಗೆ ಬಂದರು. ಬಂದವರೆಲ್ಲ ಸಂತನನ್ನು ಬಿಟ್ಟು ಬಗ್ಗಿ ಕಾಲಡಿ ನೋಡಿದರು. ಮೊದಲು ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸಾಲಿನಿಂದ ಸಾಲಿಗೆ ನಗೆ ದಾಟಿತು. ಮಧುಕೇಶ್ವರ ಕಿಟಕಿಯ ಹೊರಗಿನಿಂದ ನೋಡುತ್ತಿದ್ದ. ಇನಾಸ ಗೂಡಿನ ಮುಂದೆ ಬಂದು ನಿಂತ. ತುಂಬ ಹೊತ್ತು ನೋಡಿದ. ತನ್ನ ಹರಿದ ಕಿವಿಯನ್ನು ಒಮ್ಮೆ ಮುಟ್ಟಿಕೊಂಡು ಹಿಂದಿನ ಸಾಲಿಗೆ ಹೋಗಿ ಮಂಡಿಯೂರಿದ. ಹೆಂಡತಿ ತುಂಬುಬಸುರಿ, ಮನೆಯಲ್ಲಿದ್ದಳು. ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಮೇಸ್ತ್ರಿಯ ಮೋರೆಯಲ್ಲಿ ಆ ದಿನ ಇದ್ದ ಕಳೆಯನ್ನು ಮಧುಕೇಶ್ವರ ಮೊದಲು ಎಂದೂ ಕಂಡಿರಲಿಲ್ಲ. ಸೇಡಿನ ಕಳೆ ಎಂದುಕೊಂಡ. ಅರ್ಧ ಮಾತ್ರ ಸರಿ.

ಎಂಟು ದಿನಕ್ಕೆ ಕಾರ್ಡು ಬಂತು. ಅದೇ ಊರಿನದು, ಮೂರು ಫರ್ಲಾಂಗಿನ ಆಚೆಯದು. ಬಾಯಿಮಾತು ಕಳಿಸಿದರೆ ಅಣ್ಣ ಕೇಳಿಸಿಕೊಳ್ಳುವುದಿಲ್ಲವೆಂದು ಮೋನಿ ಕಾರ್ಡು ಹಾಕಿದ್ದಳು. ಕಾರ್ಡನ್ನು ಮೊದಲು ಓದುವವನು ಟಪಾಲಿನವನು. ಇದು ಇಲಾಖೆಯ ನಿಯಮವಲ್ಲ, ಪ್ರಕೃತಿಯ ನಿಯಮ.

‘ಅಣ್ಣನಿಗೆ ಮೋನಿಯ ನಮಸ್ಕಾರ. ಹೆಣ್ಣು ಹುಟ್ಟಿದೆ. ಹನ್ನೊಂದು ವರ್ಷದ ಮೇಲೆ ಹುಟ್ಟಿದ್ದು. ಅಮ್ಮನ ಹೆಸರು ಇಡುತ್ತೇವೆ. ಬರುವ ಭಾನುವಾರ ಜ್ಞಾನಸ್ನಾನ. ನೀನು ಜ್ಞಾನತಂದೆಯಾಗಿ ಮಗುವನ್ನು ಹಿಡಿದು ನಿಲ್ಲಬೇಕು. ಅವರೂ ಅದನ್ನೇ ಹೇಳುತ್ತಾರೆ. ನೀನು ಇಗರ್ಜಿಯಲ್ಲಿ ಮಾಡಿಟ್ಟದ್ದನ್ನು ನನಗೂ ಹೇಳಿದರು. 


ಮಗುವಿನ ಎಡಹುಬ್ಬು ಅಪ್ಪನ ಹಾಗೆಯೇ ಉಂಟು. ಹೇಗೆ ನೋಡುತ್ತೀಯೋ ನೋಡು.’

ಮೇಸ್ತ್ರಿ ಕಾರ್ಡನ್ನು ಎರಡು ಸಲ ಓದಿ ಕಿಟಕಿಯ ಸಂದಿಗೆ ಸಿಕ್ಕಿಸಿದ. ಕೊಡತಿ ಎತ್ತಿಕೊಂಡ, ಕೆಳಗಿಟ್ಟ. ಅಂಗಿ ಹಾಕಿಕೊಂಡ.

“ಪಾದ್ರಿಗಳ ರಿಜಿಸ್ಟರ್ ಕಾಗದ ಉಂಟಾ ನಿನ್ನ ಹತ್ರ?”

“ಅದರಿ.”

“ಹಾಂಗಾದ್ರೆ ನಡಿ. ಒಬ್ಬನೇ ಹೋದ್ರೆ ಅವ್ರು ಪಾಪನಿವೇದನೆಗೆ ಕೂರ್ಸಿಬಿಡ್ತಾರೆ.”

ಪಾದ್ರಿಗಳಿಗೆ ಅಷ್ಟರಲ್ಲಿ ಯಾರೋ ವಿಷಯ ತಿಳಿಸಿದ್ದರು. ಕಾಗದಕ್ಕೆ ರುಜು ಹಾಕಿ, ಮಧುಕೇಶ್ವರನಿಗೂ ಕುರ್ಚಿ ತೋರಿಸಿ, ಮೇಸ್ತ್ರಿಯ ಕಡೆ ತಿರುಗಿದರು.

“ಭಾನುವಾರ ನಾನು ಮಗುವನ್ನು ಕೇಳುತ್ತೇನೆ. ಸೈತಾನನನ್ನು ತೊರೆಯುತ್ತೀಯಾ, ಅವನ ಕೆಲಸಗಳನ್ನೆಲ್ಲ ತೊರೆಯುತ್ತೀಯಾ, ಅವನ ಆಡಂಬರವನ್ನೆಲ್ಲ ತೊರೆಯುತ್ತೀಯಾ. ಮಗುವಿಗೆ ಬಾಯಿ ಬರುವುದಿಲ್ಲ. ಉತ್ತರ ನೀನು ಕೊಡಬೇಕು. ಗೂಡಿನಲ್ಲಿ ಆ ಮೋರೆ ಇಟ್ಟುಕೊಂಡು ಏನೆಂದು ಕೊಡುತ್ತಿ ಬಸ್ತ್ಯಾಂವ?”

“ಬಾವನ್ನ ಕ್ಷಮಿಸಿ ಆಯ್ತು, ಫಾದರ್. ಬೇಕಾದ್ರೆ ಬರ್ದು ಕೊಡ್ತೆ.”

“ಹಾಗಾದರೆ ಆ ಮೋರೆ ತೆಗಿ.”

“ಅದಾಗೂದಿಲ್ಲ.”

“ಯಾಕೆ?”

ಮೇಸ್ತ್ರಿ ತನ್ನ ಅಂಗೈಗಳನ್ನು ನೋಡಿಕೊಂಡ. “ಮೂವತ್ತು ವರ್ಷದಲ್ಲಿ ಈ ಕೈಯಿಂದ ಅಂಥ ಮೋರೆ ಬರ್ಲಿಲ್ಲ. ಇನ್ನು ಬರೂದೂ ಇಲ್ಲ.”

ಇನ್ನರ್ಧ ಏನೆಂದು ಮಧುಕೇಶ್ವರನಿಗೆ ಆಗ ತಿಳಿಯಿತು. ಹಬ್ಬದ ದಿನ ಕಂಡ ಕಳೆ ಸೇಡಿನದಷ್ಟೇ ಅಲ್ಲ, ಕಸುಬಿನದೂ ಆಗಿತ್ತು.

“ಸೈತಾನನೂ, ಲೂಸಿಫರನೆಂಬ ದೂತನಾಗಿದ್ದಾಗ, ತನ್ನ ಚಂದ ನೋಡಿಕೊಂಡು ಇದನ್ನೇ ಹೇಳಿದ್ದು,” ಅಂದರು ಪಾದ್ರಿಗಳು. ದನಿ ಏರಲಿಲ್ಲ. “ನಿನ್ನ ಕೈ ಒಳ್ಳೆಯದೇ. ಅದು ದೇವರು ಕೊಟ್ಟದ್ದು. ಸೈತಾನನಿಗೆ ಒಂದು ಹುಲ್ಲುಕಡ್ಡಿ ಹುಟ್ಟಿಸಲಿಕ್ಕೂ ಬರುವುದಿಲ್ಲ. ಒರಲೆಗೆ ಮರ ಬೆಳೆಸಲಿಕ್ಕೆ ಬರ್ತದಾ? ಇದ್ದ ಮರವನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಹಾಗೆಯೇ ಇರ್ತದೆ. ಸಂತ ಪಾವ್ಲ ಬರೆದಿದ್ದಾನೆ, ನಮ್ಮ ಹೋರಾಟ ರಕ್ತಮಾಂಸದ ಮನುಷ್ಯರ ಕೂಡೆ ಅಲ್ಲ ಎಂದು. ನೀನು ರಕ್ತಮಾಂಸದವನನ್ನೇ ಹಿಡಿದು ಕಾಲಡಿ ಹಾಕಿದ್ದಿ. ನಿಜವಾದ ಶತ್ರು ನಿನ್ನ ಉಳಿಯ ಹಿಡಿಯ ಮೇಲೆ ಆರಾಮ ಕೂತಿದ್ದಾನೆ.”

ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಕಿಸೆಗೆ ಹಾಕಿಕೊಂಡ.

“ಅವನ ಉದ್ಯೋಗ ಏನೆಂದು ಗೊತ್ತುಂಟಾ ನಿನಗೆ? ಸುಳ್ಳು ಹೇಳುವುದು ಒಂದು. ಇನ್ನೊಂದು, ದೂರು ಹೇಳುವುದು. ಹಗಲು ರಾತ್ರಿ ದೇವರ ಮುಂದೆ ನಿಂತು ಮನುಷ್ಯರ ಮೇಲೆ ದೂರು ಹೇಳುತ್ತಾನೆ. ದೂರು ನಿಜವೇ ಇದ್ದೀತು. ಆದರೂ ಅದು ಅವನ ಉದ್ಯೋಗವೇ.”

“ಉತ್ತರ ಕೊಡದಿದ್ರೆ?”

“ಬೇರೆ ಯಾರಾದರೂ ಮಗುವನ್ನು ಹಿಡಿಯುತ್ತಾರೆ.”

“ಬಾಯಲ್ಲಿ ಒಂದು ಹೇಳಿ ಮನಸ್ಸಲ್ಲಿ ಒಂದು ಇಟ್ಕಳ್ಳೂಕೆ ನಂಗೆ ಬರೂದಿಲ್ಲ.”

“ಗೊತ್ತುಂಟು. ಅದಕ್ಕೇ ಕೇಳಿದ್ದು.”

ಮುಂದಿನ ದಿನಗಳಲ್ಲಿ ಮಧುಕೇಶ್ವರ ತನಗೆ ತೋಚಿದ ಉಪಾಯಗಳನ್ನೆಲ್ಲ ಮುಂದಿಟ್ಟ. ಗಡ್ಡ ಅಂಟಿಸಬಹುದು. ಕಿವಿಗೆ ಮೇಣ ತುಂಬಬಹುದು. ಮುಖವನ್ನು ಗೋಡೆಗೆ ತಿರುಗಿಸಿಡಬಹುದು.

“ಗೋಡೆಗೆ ಮೋರೆ ಹಾಕಿದ ಸೈತಾನ!” ಅಂದ ಮೇಸ್ತ್ರಿ. “ಎಂತ ಮಾಡ್ತಾ ಇದ್ದಾನೆ ಅಂತ್ಲೇ ಗೊತ್ತಾಗೂದಿಲ್ಲ. ನೀ ಕಾಗದ ಹಂಚು, ಹೋಗು.”

ಶನಿವಾರ ಮಧ್ಯಾಹ್ನದವರೆಗೆ ಅವನು ಒಂದು ಕಿಟಕಿಯ ಚೌಕಟ್ಟನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿದ್ದ. ಮೋನಿಗೆ ಉತ್ತರ ಹೋಗಿರಲಿಲ್ಲ. ಆಗ ಇನಾಸ ಬಂದ. ಗಾಡಿಯಿಲ್ಲದೆ, ನಡೆದು. ಜಗಲಿಯ ಕೆಳಗೇ ನಿಂತ.

ಅವರಿಬ್ಬರ ಮನೆಮಾತು ಕೊಂಕಣಿ. ಸಂಬಂಧ ಮುರಿದ ಮೇಲೆ ಈ ಐದು ವರ್ಷ, ದಾರಿ ತಪ್ಪಿಸಲಾಗದೆ ಎದುರಾದಾಗಲೆಲ್ಲ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರಂತೆ, ಸಂತೆಯಲ್ಲಿ ಸಿಕ್ಕ ಗುರುತಿಲ್ಲದವರ ಹಾಗೆ. ಇನಾಸ ಕನ್ನಡದಲ್ಲೇ ಶುರುಮಾಡಿದ.

“ಬಾವ, ಮೋರೆ ಇರ್ಲಿ.”

ಮೇಸ್ತ್ರಿ ಉಳಿ ಮಸೆಯುತ್ತಿದ್ದವನು ತಲೆಯೆತ್ತಲಿಲ್ಲ.

“ಆವತ್ತು ನಾ ಮಾಡಿದ್ದು ಸೈತಾನನ ಕೆಲ್ಸವೇ. ಗೊತ್ತಿಲ್ಲ ಅಂದಿದ್ರೆ ಗಾಡಿ ಹೋಗ್ತಿತ್ತು, ಎತ್ತು ಹೋಗ್ತಿತ್ತು. ಹೆದ್ರಿದೆ. ಅಮ್ಮ ಅಷ್ಟ್ರಲ್ಲಿ ಹೋಗ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ಪೆಟ್ಟಿಗೆ ಹೊರುವಾಗ ಮುಂದಿನ ಹೆಗಲು ನಂದೇ. ನೀ ಹೊರಬೇಕಾದ್ದು. ನನ್ನ ಮೋರೆ ಹಾಂಗೇ ಇರ್ಲಿ ಅಲ್ಲಿ. ಜನ ನಗ್ತಾರೆ, ನಗ್ಲಿ. ಪಾದ್ರಿಗಳ ಹತ್ರ ನಾನೇ ಹೇಳ್ತೆ. ಮಗು ಮಾತ್ರ ನೀ ಹಿಡಿ. ಮೋನಿ ಬೇರೆ ಯಾರೂ ಬೇಡ ಅಂತಾಳೆ. ಕಾರ್ಡು ಹಾಕಿದಾಗಿಂದ ಸರಿಯಾಗಿ ಉಂಡಿದ್ದಿಲ್ಲ.”

ಉಳಿ ಕಲ್ಲಿನ ಮೇಲೆ ಹೋಗುತ್ತ ಬರುತ್ತ ಇತ್ತು. ಆಮೇಲೆ ನಿಂತಿತು.

ಮೇಸ್ತ್ರಿ ಆಗ ಹೇಳಿದ ಒಂದು ಮಾತು ಮಧುಕೇಶ್ವರನಿಗೆ ಅರ್ಥವಾಗಲಿಲ್ಲ, ಏಕೆಂದರೆ ಅದು ಕೊಂಕಣಿಯಾಗಿತ್ತು. ಇನಾಸನಿಗೆ ಅರ್ಥವಾಯಿತು. ಅವನು ತುಟಿ ಕಚ್ಚಿಕೊಂಡು, ತಲೆಯಾಡಿಸಿ, ಬಂದ ದಾರಿಯಲ್ಲೇ ಬೇಗ ಬೇಗ ಹೊರಟುಹೋದ.

“ಏನಂದ್ರಿ ಅವಂಗ?”

“ಮನೆಗೆ ಹೋಗು, ನಾಳೆ ಬರ್ತೆ ಅಂದೆ. ಆ ಬಾಚಿ ತಗ. ನಡಿ.”

ಇಗರ್ಜಿಯಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಗೂಡಿನಿಂದ ಸಂತನನ್ನು ಎತ್ತಿ ಬದಿಗಿಟ್ಟು, ಸೈತಾನನನ್ನು ನೆಲಕ್ಕಿಳಿಸಿದ. ಸಂಜೆಯ ಬೆಳಕು ಓರೆಯಾಗಿ ಆ ಮುಖದ ಮೇಲೆ ಬಿದ್ದಿತ್ತು. ನಿಜಕ್ಕೂ ಒಳ್ಳೆಯ ಕೆಲಸ. ಹುಬ್ಬಿನ ಮಡಿಕೆಯಲ್ಲಿ ಒಂದೊಂದು ಗೆರೆಯೂ ಇತ್ತು. ಮೇಸ್ತ್ರಿ ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿದ.

“ಕೊಂಬು ಗಟ್ಟಿ ಹಿಡ್ಕ ತಮ್ಮಾ. ಪೂಜೆ ಮಾಡಿದವ ನೀನೇ, ನಿಂಗೆ ಪರಿಚಯ ಉಂಟು.”

ಮಧುಕೇಶ್ವರ ಕಣ್ಣು ಮುಚ್ಚಿ ಹಿಡಿದುಕೊಂಡ. ಬಾಚಿಯ ಐದಾರು ಏಟು. ಕಣ್ಣು ತೆರೆದಾಗ ಹಣೆಯಿಂದ ಗದ್ದದವರೆಗೆ ಚಪ್ಪಟೆ ಮರ, ಅದರ ಮೇಲೆ ಬಾಚಿಯ ಹಸಿ ಗಾಯಗಳು. ಹುಬ್ಬಿನ ತುಂಡೊಂದು ಕಾಲ ಬಳಿ ಬಿದ್ದಿತ್ತು. ಅವನು ಮೆಲ್ಲಗೆ ಎತ್ತಿ ಕಿಸೆಗೆ ಹಾಕಿಕೊಳ್ಳಲು ಹೋದ.

“ಒಲೆಗೆ ಹಾಕು. ಇಟ್ಕಂಡ್ರೆ ಮತ್ತೆ ಹೂ ಏರಿಸ್ತೆ ನೀನು.”

ಸಂತನನ್ನು ಮರಳಿ ನಿಲ್ಲಿಸುವಾಗ ಮೇಸ್ತ್ರಿ ತನಗೆ ತಾನೇ ಹೇಳಿಕೊಂಡಂತೆ ಅಂದ: “ಇನಾಸ ಗಾರ್ಡಿನ ಹತ್ರ ಒಂದೇ ಸಲ ಹೇಳಿದ, ಅದೂ ಹೆದ್ರಿ. ನಾ ಹನ್ನೆರಡು ದಿವ್ಸದಿಂದ ಇಡೀ ಊರಿಗೆ ಹೇಳ್ತಾ ಇದ್ದೆ. ಬಾಯಿ ಮುಚ್ಚಿಕೊಂಡೇ.”

ಭಾನುವಾರ ಮಧುಕೇಶ್ವರ ಮತ್ತೆ ಅದೇ ಕಿಟಕಿಯಲ್ಲಿದ್ದ. ಬಾಗಿಲು ಹಲಗೆ ಹಿಡಿದ ಕೈ ಮಗುವನ್ನು ಹೇಗೆ ಹಿಡಿದೀತೋ ಎಂಬ ಆತಂಕ ಅವನಿಗಿತ್ತು. ಮೇಸ್ತ್ರಿ ಬಿರುಕು ಬಿಟ್ಟೀತೆಂಬ ಮರವನ್ನು ಹಿಡಿದ ಹಾಗೆ ಹಿಡಿದಿದ್ದ. ಜ್ಞಾನಸ್ನಾನದ ವಿಧಿಯಂತೆ ನಾಲಿಗೆಗೆ ಉಪ್ಪು ತಾಗಿಸಿದಾಗ ಮಗು ಎಡಹುಬ್ಬು ಮೇಲೆತ್ತಿ, ಇದೇನು ನ್ಯಾಯ ಎಂಬಂತೆ ಮಾವನನ್ನು ನೋಡಿ ಅಳತೊಡಗಿತು. ಪಾದ್ರಿಗಳು ಕೇಳಿದರು. ಮೊದಲನೆಯ ಉತ್ತರ ಎಷ್ಟು ಕೆಳದನಿಯಲ್ಲಿ ಬಂತೆಂದರೆ ಪಾದ್ರಿಗಳು ಕಾದು ಇನ್ನೊಮ್ಮೆ ಕೇಳಬೇಕಾಯಿತು. ಎರಡನೆಯದು ಮೋನಿಯ ಗಂಡನಿಗೆ ಕೇಳಿಸಿತು. ಮೂರನೆಯದು ಕಿಟಕಿಯ ಹೊರಗಿನ ಟಪಾಲಿನವನಿಗೂ ಕೇಳಿಸಿತು.

ಮುಖವಿಲ್ಲದ ಸೈತಾನ ಹಾಗೆಯೇ ಉಳಿದ. ಹೊಸ ಮೋರೆ ಕೆತ್ತೆಂದು ಪಾದ್ರಿಗಳೂ ಹೇಳಲಿಲ್ಲ. ಹೊರಗಿನಿಂದ ಬಂದವರು ಇದೇಕೆ ಅರ್ಧಕ್ಕೆ ಬಿಟ್ಟದ್ದು ಎಂದು ಕೇಳಿದರೆ, “ಕೂಲಿ ಸಾಕಾಗ್ಲಿಲ್ಲ ಅಂತ ಕಾಣ್ತದೆ” ಎಂದು ಹೊನ್ನಿ ಹೇಳಿ ಕಳಿಸುತ್ತಿದ್ದಳು. ಮಂಗಳವಾರ ಮೂರನೆಯ ಗಾಡಿ ಸಾಲೆಯ ಮುಂದೆ ನಿಲ್ಲತೊಡಗಿತು. ಬಾವಂದಿರಿಬ್ಬರೂ ಕೊಂಕಣಿಯಲ್ಲಿ ಜಗಳಾಡುತ್ತಿದ್ದರು. ಹೆಚ್ಚಾಗಿ ಎತ್ತಿನ ಮೇವಿನ ಬಗ್ಗೆ, ಕೆಲವೊಮ್ಮೆ ಬೀಟೆಯ ತುಂಡಿನ ಬಗ್ಗೆಯೂ. ಆ ಮಾತು ಬಂದಾಗ ಮೇಸ್ತ್ರಿ ಎದ್ದು ಹೋಗಿ ಏನನ್ನಾದರೂ ಕೊಯ್ಯುತ್ತಿದ್ದ. ಅಮ್ಮನ ಹೆಸರಿನ ಹುಡುಗಿ ಐದು ವರ್ಷದವಳಾಗಿ, ಸಾಲೆಯಲ್ಲಿ ಸಿಕ್ಕ ಸಿಕ್ಕ ಉಳಿಯನ್ನು ಮೊಂಡು ಮಾಡುತ್ತ, ಮಾವನಿಂದ ಬೈಸಿಕೊಳ್ಳುತ್ತ ಬೆಳೆಯುತ್ತಿದ್ದಳು.

೧೯೬೩ರಲ್ಲಿ ಮಧುಕೇಶ್ವರನಿಗೆ ಸಿದ್ದಾಪುರಕ್ಕೆ ವರ್ಗವಾಯಿತು. ಟ್ರಂಕು ಕಟ್ಟಿ, ಜಗಲಿಯಲ್ಲಿ ಬಸ್ಸಿಗೆ ಕಾಯುತ್ತ ಕೂತವನಿಗೆ ಐದು ವರ್ಷದಿಂದ ಗಂಟಲಲ್ಲಿದ್ದ ಪ್ರಶ್ನೆ ಹೊರಬಿತ್ತು. ಕೇಳಬಾರದ್ದೆಂದು ಗೊತ್ತಿತ್ತು, ಆದರೆ ಕೇಳಿ ಓಡಿಹೋಗಲು ಬಸ್ಸೇ ಬರುತ್ತಿತ್ತಲ್ಲ.

“ಮೇಸ್ತ್ರಿ, ಮೂರ್ ಸಲ ತೊರೀತೇನಿ ಅಂದ್ರಿ. ಮೋರೀನೂ ಕಡದ್ರಿ. ಖರೇ ಹೇಳ್ರಿ, ಇನಾಸಣ್ಣನ ಮ್ಯಾಲಿನ ಸಿಟ್ಟು ಹೋತೇನ್ರಿ?”

ಮೇಸ್ತ್ರಿ ಹಲಗೆಯ ಮೇಲೆ ಗೆರೆ ಎಳೆದು ಮುಗಿಸಿದ. ಪೆನ್ಸಿಲನ್ನು ಕಿವಿಯ ಮೇಲಿಟ್ಟುಕೊಂಡ.

“ಇಲ್ಲ. ದಿನಾ ಬೆಳಿಗ್ಗೆ ಬಂದು ಬಾಗ್ಲಲ್ಲಿ ನಿಲ್ತದೆ. ಚಾ ಕೊಡೂದಿಲ್ಲ.”